ಕೈಯ ನೀರು ಆರುವ ಮುನ್ನ

ಡ್ರೆನೋವಿಟ್ಸಾ
ಜನವರಿ ೧೪, ಮಂಗಳವಾರ

ನನ್ನ ತಮ್ಮ ಲ್ಯುಬೆನ್‌ಗೆ, ಅಕ್ಕ ಝಿವ್ಕಾಳ ಆಶೀರ್ವಾದ.

ಲಕೋಟೆಯ ಮೇಲೆ ‘ಮಾನ್ಯ ಮಂತ್ರಿಗಳಿಗೆ’ ಎಂದೇ ಬರೆದಿದ್ದೇನೆ. ಇಲ್ಲದಿದ್ದರೆ ನಿನ್ನ ಕಚೇರಿಯವರು ಒಡೆಯದೆ ಮೂಲೆಗೆಸೆದಾರು. ಒಳಗೆ ಮಾತ್ರ ನೀನು ನನಗೆ ಲ್ಯುಬೆನ್ನೇ. ನಿನ್ನ ಮೂಗು ಒರೆಸಿದ ಕೈಗೆ ಬಹುವಚನ ಬರೆಯಲು ಬರುವುದಿಲ್ಲ.

ನಿನ್ನ ಪಕ್ಷದ ಕಚೇರಿಯಿಂದ ಕಾಗದ ಬಂತು. ಬರುವ ಮಂಗಳವಾರ ಸೂಲಗಿತ್ತಿ ಹಬ್ಬಕ್ಕೆ ನೀನು ಊರಿಗೆ ಬರುತ್ತೀಯಂತೆ, ಟಿವಿಯವರೂ ಬರುತ್ತಾರಂತೆ. ಹಳೆಯ ಕಾಲದ ಉಡುಪು ತೊಟ್ಟ ಇಪ್ಪತ್ತು ಹೆಂಗಸರು ಬೇಕಂತೆ. ಅವರು ವಾಡಿಕೆಯಂತೆ ಚೌಕದ ನಲ್ಲಿಯ ಹತ್ತಿರ ಸೂಲಗಿತ್ತಿಯಾದ ನನ್ನ ಕೈ ತೊಳೆಯಬೇಕಂತೆ, ನೀನು ಟವೆಲ್ಲು ಹಿಡಿದು ನಿಲ್ಲುತ್ತೀಯಂತೆ. ಜೊತೆಗೆ ಎತ್ತಿಕೊಳ್ಳಲು ಊರಲ್ಲಿ ಈಚೆಗೆ ಹುಟ್ಟಿದ ಒಂದು ಕೂಸು, ‘ಸಾಧ್ಯವಾದರೆ ನಗುಮುಖದ್ದು’. ಓದಿ ನನಗೆ ನಗು ಬಂತು ಕಣೋ, ಎಷ್ಟೋ ದಿನದ ಮೇಲೆ. ಕೆಳಗೆ ನಿನ್ನದೇ ಕೈಬರಹದಲ್ಲಿ ಎರಡು ಸಾಲು: ಅಕ್ಕಾ, ಈ ಸಲ ಚುನಾವಣೆ ಕಷ್ಟವಿದೆ, ನೀನೇ ಕೈಹಿಡಿಯಬೇಕು. ನಮ್ಮ ನೆವೆನಾ ಹೇಗಿದ್ದಾಳೆ?

ನನ್ನ ಮಗಳ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲು ನಮ್ಮಿಬ್ಬರದು ಮುಗಿಯಲಿ.

ನಿನ್ನ ಕಾರ್ಯಕರ್ತರು ನಿನ್ನೆಯೇ ಬಂದು ಹೋದರು. ಪುರಸಭೆಯೆದುರಿನ ಲಿಂಡನ್ ಮರಕ್ಕೆ ನಿನ್ನ ಚಿತ್ರ ಅಂಟಿಸಲು ಹೊರಟಾಗ ಬ್ರೆಡ್ಡಂಗಡಿಯ ಗಿನಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. “ಅಯ್ಯೋ, ಅದು ಸತ್ತವರ ಚೀಟಿ ಅಂಟಿಸೋ ಮರ ಕಣ್ರಪ್ಪಾ! ನಿಮ್ಮೂರಲ್ಲಿ ಯಾರೂ ಸಾಯೋದೇ ಇಲ್ವಾ? ಮೊನ್ನೆ ತಾನೇ ಒಂದು ನಲವತ್ತನೇ ದಿನದ ಪ್ರಾರ್ಥನೆಗೆ ಕರೆಯೋ ಚೀಟಿ ಅಂಟಿಸಿದ್ದಾರೆ, ಅದರ ಮೇಲೆ ಬೆರಳಿಟ್ಟೀರಿ ಜೋಕೆ!” ಎಂದು ಕೂಗಾಡಿದಳು. ಅವರು ಚೀಟಿ ಮುಟ್ಟಲಿಲ್ಲ. ಅದರ ಪಕ್ಕಕ್ಕೇ ನಿನ್ನನ್ನು ಅಂಟಿಸಿ ಹೋದರು. ನಗುತ್ತಾ ನಿಂತಿದ್ದೀಯ. ಹಲ್ಲು ಸರಿ ಮಾಡಿಸಿಕೊಂಡಿದ್ದೀಯ ಅಂತ ಕಾಣುತ್ತದೆ, ಒಪ್ಪುತ್ತದೆ.

ನೀನು ಹುಟ್ಟಿದಾಗ ನನಗೆ ಹನ್ನೆರಡು ವರ್ಷ. ಹಿಮ ಬಿದ್ದು ದಾರಿ ಮುಚ್ಚಿತ್ತು, ಅಮ್ಮ ಮನೆಯಲ್ಲೇ ಹೆತ್ತಳು. ಮುದಿ ಸೂಲಗಿತ್ತಿ ನಿನ್ನ ಬೆನ್ನು ತಟ್ಟಿ ಅಳಿಸಿ, ಬಿಸಿನೀರು ತಂದು ನಿಂತಿದ್ದ ನನ್ನ ಕೈಗೆ ಕೊಟ್ಟಳು. ನಾನೂ ಈ ಕೆಲಸ ಕಲಿಯಬೇಕು ಅನ್ನಿಸಿದ್ದು ಆವತ್ತೇ. ಆಮೇಲೆ ಮೂವತ್ತೆಂಟು ವರ್ಷ ಈ ಊರಿನ ಹೆರಿಗೆ ವಾರ್ಡಿನಲ್ಲಿ ಎಷ್ಟು ಮಕ್ಕಳನ್ನು ಹಿಡಿದೆನೋ, ಮೊದಲು ಹಿಡಿದದ್ದು ನಿನ್ನನ್ನು. ಅದಕ್ಕೇ ನಿನ್ನನ್ನು ಬೈಯಲು ಕೂತರೂ ಮೊದಲು ಆಶೀರ್ವಾದವನ್ನೇ ಬರೆದೆ.

ನೀನು ಮೊದಲ ಸಲ ಮೇಯರಾದ ವರ್ಷದ ಹಬ್ಬ ನೆನಪಿದೆಯಾ? ಆ ದಿನ ಚೌಕದಲ್ಲಿ ಗಂಡಸರು ಕಾಲಿಡುವ ಹಾಗಿಲ್ಲ, ಇಟ್ಟರೆ ಹೆಂಗಸರು ಹಿಡಿದು ಟೋಪಿ ಕಿತ್ತುಕೊಳ್ಳುತ್ತಾರೆ, ಏನಾದರೂ ಕೊಟ್ಟು ಬಿಡಿಸಿಕೊಳ್ಳಬೇಕು. ನೀನು ಬೇಕೆಂದೇ ಬಂದು ಸಿಕ್ಕಿಬಿದ್ದೆ. ಆ ದಿನ ಸೂಲಗಿತ್ತಿಗೆ ಹಾಕುವ ಒಣಮೆಣಸಿನಕಾಯಿ ಹಾರವನ್ನು ನನ್ನ ಕೊರಳಿಂದ ತೆಗೆದು ನಿನಗೆ ಹಾಕಿದರು. “ಏನ್ ಕೊಡ್ತೀಯೋ ಮೇಯರಪ್ಪಾ?” ಎಂದು ಗಿನಾ ಟೋಪಿ ಆಡಿಸುತ್ತಾ ಕೇಳಿದಳು. ಆಗಲೇ ವಾರ್ಡು ಮುಚ್ಚುವ ಮಾತು ರಾಜಧಾನಿ ಸೋಫಿಯಾದಲ್ಲಿ ಎದ್ದಿತ್ತು. ನೀನು ನಲ್ಲಿಯ ಕಟ್ಟೆ ಹತ್ತಿ ಹೇಳಿದೆ: “ಮಾತು ಕೊಡ್ತೀನಿ. ನನಗೆ ಅಧಿಕಾರ ಇರೋವರೆಗೂ ನಿಮ್ಮ ಹೆರಿಗೆ ವಾರ್ಡಿನ ಬಾಗಿಲು ಮುಚ್ಚೋಕೆ ಬಿಡಲ್ಲ.” ಹೆಂಗಸರು ಅತ್ತರು, ನಾನೂ ಅತ್ತೆ. ಮೆಣಸಿನಕಾಯಿ ಹಾರದ ನಿನ್ನ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲಾ ಬಂತು. ಯಾರೋ ಪುಣ್ಯಾತ್ಮರು ಅದನ್ನು ನೋಡಿ, ದಿನ ತುಂಬದ ಮಕ್ಕಳನ್ನು ಬೆಚ್ಚಗಿಡುವ ಗಾಜಿನ ತೊಟ್ಟಿಲನ್ನು ನಮ್ಮ ವಾರ್ಡಿಗೆ ಕಳಿಸಿಕೊಟ್ಟರು. ನೀನು ಮೇಲೇರಿದ ಏಣಿಯ ಮೊದಲ ಮೆಟ್ಟಿಲು ಆ ಚಿತ್ರವೇ.

ಮಿಕ್ಕ ಮೆಟ್ಟಿಲು ನಾನು. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲ, ನಿನಗೆ ಹೇಳುತ್ತೇನೆ. ಹಬ್ಬದ ದಿನ ಕೈ ತೊಳೆಸಿಕೊಂಡ ಸೂಲಗಿತ್ತಿ, ಕೈಯ ನೀರು ಆರುವ ಮುನ್ನ ಏನು ಕೇಳಿದರೂ ತಾಯಂದಿರು ಇಲ್ಲ ಅನ್ನಬಾರದು ಎಂಬುದು ನಮ್ಮೂರಿನ ಕಟ್ಟಳೆ. ಹಿಂದಿನವರು ಏನು ಕೇಳುತ್ತಿದ್ದರು? ಒಂದು ಕೋಳಿ. ಇಲ್ಲವೇ, ಅತ್ತೆಯ ಜೊತೆ ರಾಜಿಯಾಗು ಅನ್ನುತ್ತಿದ್ದರು. ನಾನು ಒದ್ದೆ ಕೈ ಚಾಚಿ ಓಟು ಕೇಳಿದೆ. ಎರಡನೆಯ ಸಲ ನೀನು ಮೇಯರಾದದ್ದು ಹಾಗೆ, ಪಾರ್ಲಿಮೆಂಟಿಗೆ ಹೋದದ್ದು ಹಾಗೆ. ಗಿನಾ ಒಬ್ಬಳೇ ಗೊಣಗಿದಳು: “ಝಿವ್ಕಕ್ಕಾ, ನಿನ್ನ ಕೈ ನನ್ನ ಮೂರೂ ಮಕ್ಕಳನ್ನ ಹಿಡಿದದ್ದು. ಅದನ್ನ ತಮ್ಮನಿಗೋಸ್ಕರ ಚಾಚಬೇಡ, ಕೆಟ್ಟದಾಗತ್ತೆ.” ನಾನು ಗದರಿಸಿದೆ. ಓಟು ಮಾತ್ರ ಹಾಕಿದಳು, ಮಾತು ಕೊಟ್ಟಿದ್ದಳಲ್ಲ. ಬೇರೆ ಊರುಗಳಿಗೂ ನಾನು ಬಸ್ಸಿನಲ್ಲಿ ಹೋಗಿ ಕೈ ತೊಳೆಸಿಕೊಂಡು ಬಂದೆ. ನೆವೆನಾ ನಿನ್ನ ಕರಪತ್ರ ಹಂಚಿ ಮನೆಗೆ ಬಂದು ಕಾಲು ನೋವೆಂದು ಮಲಗುತ್ತಿದ್ದಳು, “ಮಾವ ಗೆದ್ರೆ ಸಾಕು” ಅನ್ನುತ್ತಿದ್ದಳು.

ನೀನು ಸೋಫಿಯಾಕ್ಕೆ ಹೊರಟ ಬೆಳಿಗ್ಗೆ ಹೊಸ್ತಿಲ ಮುಂದೆ ತಾಮ್ರದ ಚೊಂಬಿನಿಂದ ನೀರು ಚೆಲ್ಲಿದೆ, ನಿನ್ನ ದಾರಿ ನೀರಿನ ಹಾಗೆ ಸಲೀಸಾಗಿ ಹರಿಯಲಿ ಅಂತ. ಹರಿಯಿತಪ್ಪಾ, ಚೆನ್ನಾಗಿಯೇ ಹರಿಯಿತು. ನಾಲ್ಕು ವರ್ಷಕ್ಕೆ ಮಂತ್ರಿಯಾದೆ. ಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ನಿನ್ನ ಕಾರ್ಯದರ್ಶಿಯ ಜೇನಿನಂಥ ದನಿ: “ಅವರು ಸಭೆಯಲ್ಲಿದ್ದಾರಮ್ಮ.” ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದುಕೊಂಡೆ.

ಹೆರಿಗೆ ಕಡಿಮೆಯಿರುವ ವಾರ್ಡುಗಳನ್ನು ಮುಚ್ಚುವ ಆದೇಶ ಬಂತು. ಕೆಳಗೆ ನಿನ್ನ ಸಹಿ. ನಿನ್ನ ಸಹಿಯ ಬಾಲ ನನಗೆ ಗೊತ್ತಿಲ್ಲವೇ, ಅಕ್ಷರ ತಿದ್ದಿಸಿದವಳು ನಾನು. ಹನ್ನೊಂದು ದಿನ ಫೋನು ಮಾಡಿದೆ. ಹನ್ನೆರಡನೆಯ ದಿನ ನೀನು ಸಿಕ್ಕೆ. “ಅಕ್ಕಾ, ದೇಶ ನಡೆಸೋದು ಅಂದ್ರೆ ಊರು ನಡೆಸಿದ ಹಾಗಲ್ಲ. ನನ್ನ ಕೈ ಕಟ್ಟಿದೆ” ಎಂದೆ. ಪೆನ್ನು ಹಿಡಿಯುವಷ್ಟು ಸಡಿಲ ಇತ್ತಲ್ಲೋ! ಆದರೂ ನಂಬಿದೆ, ನೋಡು. ಪಾಪ, ಮೇಲಿನವರು ಒತ್ತಾಯ ಮಾಡಿರಬೇಕು ಅಂದುಕೊಂಡೆ. ಆ ರಾತ್ರಿಯ ಸುದ್ದಿಯಲ್ಲಿ ನೀನೇ ಬಂದೆ: “ನಾನು ಪಕ್ಷಪಾತ ಮಾಡುವವನಲ್ಲ. ಮುಚ್ಚಿದ ಮೊದಲ ವಾರ್ಡು ನನ್ನ ಸ್ವಂತ ಊರಿನದು. ಅಲ್ಲಿ ನನ್ನ ಅಕ್ಕನೇ ಸೂಲಗಿತ್ತಿ.” ಎದುರು ಕೂತವರು ಚಪ್ಪಾಳೆ ತಟ್ಟಿದರು. ಮರುದಿನ ಪತ್ರಿಕೆಗಳು ನಿನ್ನನ್ನು ಪ್ರಾಮಾಣಿಕ ಎಂದು ಹೊಗಳಿದವು. ವಾರ್ಡು ಕಾಪಾಡುವೆನೆಂದು ಹೇಳಿ ಪಾರ್ಲಿಮೆಂಟಿಗೆ ಹೋದೆ, ಅದನ್ನು ಮುಚ್ಚಿ ದೊಡ್ಡವನಾದೆ. ಒಂದೇ ಬಾಗಿಲಿನಿಂದ ಎರಡು ಸಲ ಲಾಭ ಮಾಡಿಕೊಂಡ ಇನ್ನೊಬ್ಬನನ್ನು ನಾನು ಕಂಡಿಲ್ಲ. ಗಾಜಿನ ತೊಟ್ಟಿಲನ್ನು ಲಾರಿಯಲ್ಲಿ ಜಿಲ್ಲಾ ಪಟ್ಟಣಕ್ಕೆ ಸಾಗಿಸಿದರು. ಅದಕ್ಕೆ ನಾನೇ ಕಂಬಳಿ ಸುತ್ತಿ ಹಗ್ಗ ಬಿಗಿದೆ, ಒಡೆಯಬಾರದಲ್ಲ.

ಈಗ ಡಿಸೆಂಬರಿನ ಮಾತು. ಹದಿಮೂರನೆಯ ತಾರೀಖು, ಮಧ್ಯಾಹ್ನ. ಇಪ್ಪತ್ತೊಂಬತ್ತರ ಹೆಣ್ಣು, ಚೊಚ್ಚಲು, ಎಂಟನೆಯ ತಿಂಗಳು. ಇದ್ದಕ್ಕಿದ್ದಂತೆ ರಕ್ತ ಹೋಗತೊಡಗಿತು. ಆಂಬುಲೆನ್ಸು ಬರಲು ಒಂದೂವರೆ ಗಂಟೆ ಅಂದರು. ಗಂಡ ಕಾರು ತೆಗೆದ, ನಾನು ಹಿಂದೆ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಬೀಗ ಜಡಿದ ನಮ್ಮ ವಾರ್ಡಿನ ಮುಂದೆಯೇ ಹಾದುಹೋದೆವು. ಕಣಿವೆಯ ತಿರುವಿನಲ್ಲಿ ಹಿಮದಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು. ಅಲ್ಲೇ ಹೆತ್ತಳು. ಗಂಡು ಮಗು, ನನ್ನ ಎರಡು ಅಂಗೈಯಲ್ಲಿ ಹಿಡಿಯುವಷ್ಟು. ಒಂದು ಸಲ ಅತ್ತಿತು. ರವಿಕೆ ಬಿಚ್ಚಿ ಎದೆಗೆ ಒತ್ತಿಕೊಂಡೆ, ಊದಿದೆ, ಉಜ್ಜಿದೆ, ಗೊತ್ತಿದ್ದದ್ದೆಲ್ಲಾ ಮಾಡಿದೆ. ಬೇಕಾಗಿದ್ದದ್ದು ಆ ಗಾಜಿನ ತೊಟ್ಟಿಲು. ಅರ್ಧ ಗಂಟೆ ಇತ್ತು ಮಗು. ಪಾದ್ರಿ ಇಲ್ಲದ ಕಡೆ ಸೂಲಗಿತ್ತಿಯೇ ದೀಕ್ಷಾಸ್ನಾನ ಮಾಡಿಸಬಹುದಲ್ಲ, ಬಾಟಲಿಯ ನೀರು ಹಣೆಗೆ ಹಾಕಿ ಹೆಸರಿಟ್ಟೆ. ಆಮೇಲೆ ತಾಯಿಯನ್ನು ಉಳಿಸಿಕೊಳ್ಳುವುದರಲ್ಲಿ ಬಿದ್ದೆ, ಅವಳು ಉಳಿದಳು. ಇನ್ನು ಮಕ್ಕಳಾಗುವುದಿಲ್ಲ ಎಂದಿದ್ದಾರೆ ಡಾಕ್ಟರು.

ಆವತ್ತಿನಿಂದ ನನ್ನ ಕೈಯನ್ನೇ ನೋಡುತ್ತೇನೆ. ಇದೇ ಕೈ ಅಲ್ಲವೇ, ಒದ್ದೆಯಾಗಿ ನಿನಗೋಸ್ಕರ ಚಾಚಿದ್ದು? ನಿನ್ನದು ಸಹಿ ಮಾತ್ರ ಲ್ಯುಬೆನ್, ನಿನ್ನನ್ನು ಆ ಮೇಜಿನ ಮುಂದೆ ಕೂರಿಸಿದವಳು ನಾನು. ಗಿನಾ ಮುಖಕ್ಕೆ ಹೊಡೆದ ಹಾಗೆ ಹೇಳಿದಳು: “ಆವತ್ತು ಅವನ ಟೋಪಿ ವಾಪಸ್ ಕೊಟ್ಟದ್ದೇ ತಪ್ಪಾಯ್ತು.”

ನಿನ್ನ ಕಾಗದಕ್ಕೆ ಉತ್ತರ: ಬಾ. ಹೆಂಗಸರು ಇಪ್ಪತ್ತಲ್ಲ, ಇನ್ನೂರು ಜನ ಬರುತ್ತಾರೆ. ನನ್ನ ಕೈ ತೊಳೆಯುತ್ತಾರೆ. ಕೈಯ ನೀರು ಆರುವ ಮುನ್ನ ನಾನು ಒಂದೇ ಒಂದು ಕೇಳುತ್ತೇನೆ, ನಿನ್ನೆದುರಿಗೇ, ಟಿವಿಯವರ ಎದುರಿಗೇ: ನಾನು ನಿಮ್ಮಿಂದ ಈತನಿಗಾಗಿ ಪಡೆದ ಮಾತನ್ನು ವಾಪಸ್ ತೆಗೆದುಕೊಳ್ಳಿ, ಈತನಿಗೆ ಓಟು ಹಾಕಬೇಡಿ ಅಂತ. ಇಲ್ಲ ಅನ್ನುವ ಹಾಗಿಲ್ಲ ಅವರು. ಟವೆಲ್ಲು ತರಬೇಡ, ನನ್ನ ಹತ್ತಿರ ಇದೆ. ಕೂಸು ಮಾತ್ರ ಒದಗಿಸಲಾರೆ. ವಾರ್ಡು ಮುಚ್ಚಿದ ಮೇಲೆ ಈ ಊರಲ್ಲಿ ಒಂದೂ ಹುಟ್ಟಿಲ್ಲ.

ಚಳಿ ಜಾಸ್ತಿಯಿದೆ, ಕೊರಳಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು ಬಾ. ನಿನಗೆ ಚಿಕ್ಕಂದಿನಿಂದಲೂ ಗಂಟಲು ಸೂಕ್ಷ್ಮ.

ನಿನ್ನನ್ನು ಮೊದಲು ಎತ್ತಿಕೊಂಡವಳು,
ಝಿವ್ಕಾ

ಮತ್ತೆ: ನೆವೆನಾ ಹೇಗಿದ್ದಾಳೆ ಎಂದು ಕೇಳಿದ್ದೆಯಲ್ಲ. ಬದುಕಿದ್ದಾಳೆ. ಕಾರಿನಲ್ಲಿದ್ದವಳು ಅವಳೇ. ನಿನಗೆ ತಿಳಿಸಬೇಡ ಅಂದಿದ್ದಳು, ಇವತ್ತು ಮೀರಿದ್ದೇನೆ. ಗಂಡಾದರೆ ತನ್ನ ಸೋದರಮಾವನ ಹೆಸರು ಅಂತ ಮೊದಲೇ ಆರಿಸಿಟ್ಟಿದ್ದಳು. ಆ ಹೊತ್ತಿನಲ್ಲಿ ನನಗೂ ಬೇರೆ ಹೆಸರು ಬಾಯಿಗೆ ಬರಲಿಲ್ಲ. ಮಂಗಳವಾರ ನಲವತ್ತನೆಯ ದಿನ. ಲಿಂಡನ್ ಮರದ ಮೇಲಿನ ಚೀಟಿ ನಮ್ಮ ಮನೆಯದು. ಚಿತ್ರವಿಲ್ಲ, ತೆಗೆಯಲು ಹೊತ್ತೆಲ್ಲಿತ್ತು? ಕಪ್ಪು ಅಂಚು, ‘ನಮ್ಮ ಲ್ಯುಬೆನ್’ ಎಂಬ ಹೆಸರು, ಒಂದು ತಾರೀಖು, ಅಷ್ಟೆ. ಇವತ್ತು ಬೆಳಿಗ್ಗೆ ಸಂತೆಗೆ ಬಂದ ಪರವೂರಿನ ಮುದುಕನೊಬ್ಬ ಮರದ ಮುಂದೆ ನಿಂತ. ಚೀಟಿಯನ್ನೂ ಪಕ್ಕದ ನಿನ್ನ ನಗುಮುಖವನ್ನೂ ಸೇರಿಸಿ ನೋಡಿ, ಟೋಪಿ ತೆಗೆದು, ಶಿಲುಬೆಯ ಗುರುತು ಹಾಕಿಕೊಂಡು, “ಅಯ್ಯೋ ಪಾಪ, ಯಾವಾಗ ಹೋದ?” ಎಂದು ನನ್ನನ್ನೇ ಕೇಳಿದ. ನಾನು ಅವನನ್ನು ತಿದ್ದಲಿಲ್ಲ.