ಸಿ ಬ್ಲಾಕಿನ ಪಟ್ಟಿ

ಆಗಸ್ಟ್ 9, 2016. ಮಂಗಳವಾರ, ಬೆಳಿಗ್ಗೆ 6.40

ಸಿ ಬ್ಲಾಕಿನ ಚರಂಡಿ ಮತ್ತೆ ಕಟ್ಟಿದೆ. ಕಕ್ಕಸಿನ ನೀರು ಅಡುಗೆಮನೆಯ ಹೊಸ್ತಿಲವರೆಗೆ. ಪ್ಲಂಬರನ ಫೋನ್ ಸ್ವಿಚ್ ಆಫ್.

ಏಳನೇ ರೂಮಿನಲ್ಲಿ ಹದಿನಾಲ್ಕು ಜನ. ಲೈಸೆನ್ಸಿನಲ್ಲಿ ಆರು. ಎಲ್ಲರೂ ಇಲ್ಲಿ ಕೊಲ್ಲಿ ದೇಶದಲ್ಲಿ ಮುಚ್ಚಿಹೋದ ಒಂದು ಫ್ಯಾಬ್ರಿಕೇಶನ್ ಕಂಪನಿಯವರು. ಊರಿಗೆ ಹೋಗಲು ಕಾಗದ ಆಗುವವರೆಗೆ ಇಟ್ಟುಕೊಳ್ಳಿ ಎಂದು ಸರ್ಕಾರಿ ಕಚೇರಿ ನಮ್ಮ ಖಾಸಗಿ ಲೇಬರ್ ಕ್ಯಾಂಪಿಗೆ ಒಪ್ಪಿಸಿದೆ. ಏಳು ತಿಂಗಳಾಯಿತು.

ಅವರಲ್ಲಿ ಹಿರಿಯರು ಮೊಯ್ದಿನಬ್ಬ. ಉಳ್ಳಾಲದ ವೆಲ್ಡರ್, ಬಿಪಿ ಬೇರೆ. ಕ್ರಿಶ್ಚಿಯನ್ನನಾದ ನನ್ನನ್ನು ಊರಿನ ರೀತಿಯಲ್ಲಿ ಪೊರ್ಬು ಎಂದೇ ಕರೆಯುವುದು. “ಪೊರ್ಬುಗಳೇ, ಈ ವಾಸನೆಯಲ್ಲಿ ಅನ್ನ ಇಳಿಯುದಿಲ್ಲ.”

“ನೋಡುವ” ಎಂದೆ. ಕ್ಯಾಂಪಿನ ಸೂಪರ್‌ವೈಸರ್ ಆಗಿ ದಿನಾ ಹೇಳುವುದು ಅದನ್ನೇ.

ಆಗಸ್ಟ್ 14, ಭಾನುವಾರ

ನಾಳೆ ಇನ್ಸ್‌ಪೆಕ್ಷನ್. ಹೇಳದೆ ಬರಬೇಕಾದವರು... ಆದರೂ ಮ್ಯಾನೇಜರ್ ಸರ್ವೋತ್ತಮರ ವಾಟ್ಸಾಪಿಗೆ ನಿನ್ನೆಯೇ ಸುದ್ದಿ ಬಂದಿದೆ.

“ಡಿಕ್ಸನ್, ಏಳರಲ್ಲಿ ಆರು ಜನ ಸಾಕು. ಉಳಿದವರನ್ನು ಬಸ್ಸಿಗೆ ಹಾಕು. ಪಟ್ಟಿ ಹೊಸದು ಮಾಡು.”

“ಸೆಕೆ ಉಂಟಲ್ಲ ಸಾರ್.”

“ಬಸ್ಸಿಗೆ ಎಸಿ ಇಲ್ವಾ? ಯಲ್ಲಾ, ಬೇಗ!”

ಮೂರು ತಿಂಗಳ ಕ್ಲೀನಿಂಗ್ ರಿಜಿಸ್ಟರ್ ಒಂದೇ ಸಲ ಕೂತು ಬರೆದೆ. ಮೂರು ಪೆನ್ನು, ಮೂರು ಬಗೆಯ ಸಹಿ. ಹಳೆಯದಾಗಿ ಕಾಣಲಿ ಎಂದು ಒಂದು ಪುಟಕ್ಕೆ ಚಹಾ ಕೂಡ ಚೆಲ್ಲಿದೆ. ಅದನ್ನು ಯಾರೂ ಹೇಳಿರಲಿಲ್ಲ. ನನ್ನದೇ ಬುದ್ಧಿ. ಥೂ.

ಆಮೇಲೆ ಪಟ್ಟಿ. ಎಂಟು ಹೆಸರು ತೆಗೆದೆ. ಮೊಯ್ದಿನಬ್ಬರದೂ.

ಆಗಸ್ಟ್ 15, ಸೋಮವಾರ

ಗೋಡೆಯ ಬೂಷ್ಟಿನ ಮೇಲೆ ಹಸಿ ಪೇಂಟ್. ಕಕ್ಕಸಿಗೆ ಗುಲಾಬಿ ಸ್ಪ್ರೇ. ಎರಡೂ ಸೇರಿ ಇನ್ನೊಂದೇ ನಾತ.

ಇನ್ಸ್‌ಪೆಕ್ಟರ್ ಚಿಕ್ಕ ಪ್ರಾಯದ ಹೆಂಗಸು, ಮೈತುಂಬ ಕಪ್ಪು ಅಬಾಯ, ಕೈಯಲ್ಲಿ ಟ್ಯಾಬ್. ಏಳನೇ ರೂಮಿನ ಬಾಗಿಲಲ್ಲಿ ನಿಂತು ಮೂಗಿಗೆ ತಲೆಯ ಶೇಲಾದ ಅಂಚು ಒತ್ತಿಕೊಂಡಳು. “ಹೌ ಮೆನಿ?”

“ಸಿಕ್ಸ್, ಮೇಡಂ.”

ನನ್ನ ಮುಖವನ್ನೇ ನೋಡಿದಳು. ಪಟ್ಟಿಗೆ ನನ್ನ ಸಹಿ ಹಾಕಿಸಿಕೊಂಡಳು. ಟಿಕ್ ಮಾಡಿದಳು. ಸರ್ವೋತ್ತಮರು ಖರ್ಜೂರದ ತಟ್ಟೆ ಮುಂದೆ ಹಿಡಿದರು. ಅವಳು ಮುಟ್ಟಲಿಲ್ಲ.

ಬಸ್ಸು ವರ್ಕ್‌ಶಾಪುಗಳ ಹಿಂದಿನ ಬಯಲಿನಲ್ಲಿ ಮೂರು ಗಂಟೆ ನಿಂತಿತ್ತು. ಇಂಜಿನ್ ಬಿಸಿಯಾಗಿ ಬಂದ್ ಬಿದ್ದಿದೆ. ಎಸಿಯೂ ಹೋಗಿದೆ. ಡ್ರೈವರ್ ಫೋನ್ ಮಾಡಿದರೆ, “ಅವಳು ಹೋಗುವವರೆಗೆ ಒಬ್ಬನೂ ಇಳಿಯಬಾರದು” ಎಂದರಂತೆ ಸರ್ವೋತ್ತಮರು. ಮೊಯ್ದಿನಬ್ಬ ಸೀಟಿನಲ್ಲೇ ವಾಂತಿ ಮಾಡಿಕೊಂಡು ಬಿದ್ದರು. ಆಂಬುಲೆನ್ಸ್ ಕರೆದದ್ದು ಉಳಿದ ಏಳು ಜನ. ಕತ್ತಲಾದ ಮೇಲೆ ಅವರನ್ನು ಹಿಂದಿನ ಗೇಟಿನಿಂದ ಒಳಗೆ ಸೇರಿಸಿದೆವು.

ಇನ್ಸ್‌ಪೆಕ್ಷನ್ ಪಾಸ್. ಆಫೀಸಿನಲ್ಲಿ ಬಿರಿಯಾನಿ ತರಿಸಿದರು. ತಿಂದೆ. ತಿಂದೆ ಎಂದು ಬರೆದಿಡುತ್ತೇನೆ.

ಆಗಸ್ಟ್ 18, ಗುರುವಾರ, ಮಧ್ಯಾಹ್ನ 3

ಗೇಟಿನಿಂದ ಫೋನ್. ಆಸ್ಪತ್ರೆಯ ಗಾಡಿ ಯಾರನ್ನೋ ಬಿಟ್ಟು ಹೋಗಿದೆ, ಹೊಸ ಲಿಸ್ಟಿನಲ್ಲಿ ಹೆಸರಿಲ್ಲ, ಒಳಗೆ ಬಿಡುವುದಿಲ್ಲ ಎಂದ ವಾಚ್‌ಮನ್.

ಓಡಿದೆ. ಸುಡುವ ಕಟ್ಟೆಯ ಮೇಲೆ ಮೊಯ್ದಿನಬ್ಬ. ಕೈಯಲ್ಲಿ ಡ್ರಿಪ್‌ನ ಹತ್ತಿ ಇನ್ನೂ ಇದೆ. “ನನ್ನ ಹೆಸರು ಯಾಕೆ ಇಲ್ಲ ಪೊರ್ಬುಗಳೇ? ನಾನು ಎಂತ ತಪ್ಪು ಮಾಡಿದ್ದು?”

ತೋಳು ಹಿಡಿದು ಎಬ್ಬಿಸಿ ನೆರಳಿಗೆ ಕೂರಿಸಿದೆ.

ಸರ್ವೋತ್ತಮರನ್ನು ಕೇಳಿದರೆ, “ಈಗ ಸೇರಿಸಿದರೆ ಅವತ್ತು ಸುಳ್ಳು ಹೇಳಿದ ಹಾಗೆ ಆಗ್ತದೆ. ಅವ ನಮ್ಮ ಕ್ಯಾಂಪಿನವನೇ ಅಲ್ಲ. ಖಲಾಸ್.” ಮತ್ತೆ ನಿಧಾನಕ್ಕೆ, “ಸಹಿ ಯಾರದ್ದು, ನೆನಪುಂಟಲ್ಲ?”

ಹಿಂದಿನ ಗೇಟಿನಿಂದ ಕರೆತಂದು ನನ್ನ ಮಂಚದಲ್ಲಿ ಮಲಗಿಸಿದೆ. ಥ್ಯಾಂಕ್ಸ್ ಎಂದರು. ಆ ಮಾತು ಹೇಸಿಗೆಯ ಹಾಗೆ ಮೈಗೆ ಅಂಟಿದೆ.

ಆಗಸ್ಟ್ 21, ಭಾನುವಾರ, 9.15

ಸರ್ಕಾರಿ ಕಚೇರಿ. ಮೊಯ್ದಿನಬ್ಬ ಪಕ್ಕದಲ್ಲಿ. ಹದಿನಾಲ್ಕೂ ಹೆಸರು ಬರೆದು ತಂದಿದ್ದೇನೆ. ಕೆಲಸ ಹೋಗುತ್ತದೆ, ಪ್ರಾಯಶಃ ಕೇಸೂ ಆಗುತ್ತದೆ. ಇದೇ ಊರಿನ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಲ್ಲಿರುವ ತಂಗಿ ಸ್ವೀಡಲ್‌ಗೆ ಮಾತ್ರ ಹೇಳಿ ಬಂದೆ. ಅತ್ತಳು, ಬೇಡ ಎನ್ನಲಿಲ್ಲ.

9.50

ಕೌಂಟರಿನವಳು ನನ್ನ ಪಟ್ಟಿ ಓದಿ, ಕಂಪ್ಯೂಟರಿನಲ್ಲಿದ್ದ ಆರು ಹೆಸರಿನ ಪಟ್ಟಿಯ ಜೊತೆ ಹೋಲಿಸಿದಳು. “ಆ ಸುಳ್ಳು ಪಟ್ಟಿ ಯಾರು ಮಾಡಿದ್ದು?”

“ನಾನು.”

ಕೀಬೋರ್ಡಿನ ಮೇಲೆ ಅವಳ ಕೈ ನಿಂತಿತು. ಮೊಯ್ದಿನಬ್ಬ ತಿರುಗಿ ನನ್ನನ್ನು ನೋಡಿದರು. ಅವರಿಗೆ ಇದು ಗೊತ್ತಿರಲಿಲ್ಲ. ಕುರ್ಚಿ ತುಸು ದೂರ ಎಳೆದುಕೊಂಡರು.

ಕುಳಿತು ಎಲ್ಲ ಬರೆದುಕೊಡಿ ಎಂದು ಒಂದು ಫಾರ್ಮ್ ಕೊಟ್ಟಿದ್ದಾಳೆ. ಅದಕ್ಕೆ ಮೊದಲು ಇಲ್ಲಿ, ಈ ಡೈರಿಯಲ್ಲಿ ಬರೆದಿಡುತ್ತೇನೆ: ಎಂಟು ಹೆಸರು ತೆಗೆದದ್ದು ನಾನು.