ನಮ್ಮ ಬಚ್ಚಲ ಗುಂಡಿಯ ಸೊಳ್ಳೆಗಳು

೧೯-೧-೧೯೫೮, ಭಾನುವಾರ

ಎಂದಿನಂತೆ ಬಚ್ಚಲ ಗುಂಡಿಗೆ ಡಿಡಿಟಿ. ಒಂದು ಚಮಚ ಪುಡಿ, ಒಂದು ಬಕೆಟ್ ನೀರು. ಡಬ್ಬಿ ದುಬಾರಿ, ಇಷ್ಟರಲ್ಲೇ ತೂಗಿಸಬೇಕು. ಜಯನಗರಕ್ಕೆ ಬಂದಾಗಿನಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ಆಮೇಲೆ ಪಂಪು ಹಿಡಿದು ಕೋಣೆ ಕೋಣೆಗೂ ಸೀಮೆಎಣ್ಣೆ ಬೆರೆಸಿದ ಔಷಧ. ಸಿದ್ದಗಂಗಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು, "ನಿಮ್ಮ ಪಂಪಿನ ಸದ್ದು ಸೊಳ್ಳೆಗಳಿಗೆ ಜೋಗುಳ ಆಗಿರ್ಬೇಕು ಕಣ್ರೀ" ಎಂದಳು. ಹೆಂಡತಿಯ ಹಾಸ್ಯಕ್ಕೆ ನಗುವ ಸ್ಥಿತಿಯಲ್ಲಿಲ್ಲ.

ಸಂಜೆ ದೀಪ ಹಚ್ಚುವ ಮೊದಲೇ ಮುತ್ತುತ್ತವೆ. ತುಮಕೂರಿನ ಮನೆಗೆ ಮೊದಲ ಸಲ ಡಿಡಿಟಿ ಹೊಡೆದದ್ದು ಚೆನ್ನಾಗಿ ನೆನಪಿದೆ — ಮರುದಿನ ಸತ್ತ ಸೊಳ್ಳೆಗಳನ್ನು ಗುಡಿಸಿ ಮೊರದಲ್ಲಿ ಹೊರಗೆ ಹಾಕಿದ್ದೆವು. ಇಲ್ಲಿ? ಸರ್ಕಾರದವರು ಹೊಡೆದು ಹೋದ ಗೋಡೆಯ ಮೇಲೇ ಕೂತು ಕಾಲು ತಿಕ್ಕಿಕೊಳ್ಳುತ್ತವೆ. ಔಷಧವೆಂದು ಸುಣ್ಣದ ಪುಡಿ ತರುತ್ತಾರೆ. ಕೇಳುವವರಿಲ್ಲ. ಪತ್ರಿಕೆಗೆ ಬರೆಯಬೇಕು.

೨೬-೧-೧೯೫೮

ಬಾವುಟ ಏರಿಸಿದ ಮೇಲೆ ಬಡಾವಣೆ ಸಂಘದ ಸಭೆ. ಪಕ್ಕದ ಮನೆ ಜಯಸಿಂಹರ ಜಗಲಿಯಲ್ಲಿ — ಅವರೇ ಸೆಕ್ರೆಟರಿ. ನಾನೇ ಹೆಚ್ಚು ಮಾತಾಡಿದೆ. ಒಂದು, ಸರ್ಕಾರದ ಪುಡಿ ಖೋಟಾ. ಎರಡು, ಹೊಲದಾಚೆ ಬೈರಸಂದ್ರದ ಅಂಚಿನಲ್ಲಿ ಮುನಿಲಕ್ಷ್ಮಮ್ಮನ ಎಮ್ಮೆ ಕೊಟ್ಟಿಗೆ. ಆ ಗಂಜಲದ ಗುಂಡಿಯಿಂದಲೇ ಗಾಳಿಯ ಜೊತೆ ಸೊಳ್ಳೆ ಬರುವುದು. ಇಟಲಿಯಲ್ಲಿ ನೊಣಗಳು ಡಿಡಿಟಿಗೆ ಜಗ್ಗದಂತೆ ಆಗಿವೆಯಂತೆ ಎಂದು ಓದಿದ್ದನ್ನೂ ಹೇಳಿದೆ, ಲೋಕಜ್ಞಾನಕ್ಕೆ. ಎಲ್ಲರೂ ತಲೆದೂಗಿದರು. ಕೊಟ್ಟಿಗೆ ಎತ್ತಿಸಬೇಕೆಂದು ಹೆಲ್ತ್ ಇನ್ಸ್‌ಪೆಕ್ಟರಿಗೆ ದೂರು ಕೊಡುವುದೆಂದು ತೀರ್ಮಾನ. ಸೂಚನೆ ನನ್ನದೇ.

೬-೨-೧೯೫೮

ನೋಟೀಸು ಹೋಗಿದೆ. ಈ ತಿಂಗಳೊಳಗೆ ಎಮ್ಮೆಗಳು ಖಾಲಿಯಾಗಬೇಕು.

ಬೆಳಿಗ್ಗೆ ಹಾಲು ಹಾಕಲು ಬಂದ ಮುನಿಲಕ್ಷ್ಮಮ್ಮ ಪಾವು ಕೆಳಗಿಟ್ಟು ನಿಂತಳು. "ನಿಮ್ಗೆ ಕಚ್ಚೋ ಸೊಳ್ಳೆ ನಮ್ಗೂ ಕಚ್ತಾವೆ ಸ್ವಾಮಿ. ನಾವೇನು ಎಮ್ಮೆ ಜೊತೆ ಅವನ್ನೂ ಸಾಕ್ಕೊಂಡಿದೀವಾ?" ಗಂಡ ಸತ್ತ ಮೇಲೆ ಈ ಎರಡು ಎಮ್ಮೆಯಿಂದಲೇ ಒಲೆ ಉರಿಯುತ್ತಿರುವುದಂತೆ. ಗುಂಡಿ ಅವಳ ಮಾವನ ಕಾಲದ್ದಂತೆ. ನಮ್ಮ ಮನೆ ಎದ್ದಿರುವುದೂ ಅವರ ರಾಗಿ ಹೊಲದ ಮೇಲಂತೆ. ಅಸಂಬದ್ಧ. ಕಾನೂನು ಎಲ್ಲರಿಗೂ ಒಂದೇ ಎಂದೆ.

ಹಾಲು ಎಂದಿನಂತೆ ಗಟ್ಟಿಯಾಗಿತ್ತು.

೯-೨-೧೯೫೮, ಭಾನುವಾರ

ಸಿದ್ದಗಂಗಮ್ಮನ ತಂಗಿಯ ಮಗ ಗೌರೀಶಂಕರ ಊಟಕ್ಕೆ ಬಂದಿದ್ದ. ಬಿ.ಎಸ್ಸಿ. ಮಾಡಿ ಮಲೇರಿಯಾ ಆಫೀಸು ಸೇರಿದ್ದಾನೆ. ನಿಮ್ಮ ಪುಡಿ ಸುಣ್ಣವಲ್ಲವೆಂದು ತೋರಿಸು ನೋಡೋಣ ಎಂದು ಹೇಳಿ ಕಳಿಸಿದ್ದೆ, ಆಫೀಸಿನ ಔಷಧ ತಂದಿದ್ದ. ಎರಡು ಗಾಜಿನ ಭರಣಿ. ಒಂದರಲ್ಲಿ ನಮ್ಮ ಬಚ್ಚಲ ಗುಂಡಿಯ ಸೊಳ್ಳೆಮರಿಗಳು, ಇನ್ನೊಂದರಲ್ಲಿ ಮುನಿಲಕ್ಷ್ಮಮ್ಮನ ಗುಂಡಿಯವು. ಎರಡಕ್ಕೂ ಒಂದೇ ಅಳತೆಯ ಔಷಧ. ಒಂದೂ ಸಾಯುವುದಿಲ್ಲ ಎಂದೆ. ಜಯಸಿಂಹರಿಗೂ ಹೋಗಿ ಹೇಳಿ ಬಂದೆ — ಮುಂದಿನ ಸಭೆಯಲ್ಲಿ ಫಲಿತಾಂಶ ಎಲ್ಲರ ಮುಂದೆ ಇಡುತ್ತೇನೆಂದು.

೧೦-೨-೧೯೫೮

ಅವಳ ಭರಣಿಯಲ್ಲಿ ಎಲ್ಲವೂ ಸತ್ತು ತಳದಲ್ಲಿ ಬಿದ್ದಿವೆ.

ನಮ್ಮದರಲ್ಲಿ ಆಡುತ್ತಿವೆ. ಮೇಲಕ್ಕೆ, ಕೆಳಕ್ಕೆ, ಬಾಲ ಬಳುಕಿಸುತ್ತ...

ಸಂಜೆ ಗೌರೀಶಂಕರ ಬಂದು ಬೆಳಕಿಗೆ ಹಿಡಿದು ನೋಡಿದ. ಪುಡಿ ಸರಿಯಾಗಿದೆ ದೊಡ್ಡಪ್ಪ, ಆ ಭರಣಿಯವು ಸತ್ತಿವೆಯಲ್ಲ ಎಂದ. ಆಮೇಲೆ, ನಿಮ್ಮ ಗುಂಡಿಗೆ ಏನಾದರೂ ಹಾಕುತ್ತಿದ್ದಿರಾ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಸಿದ್ದಗಂಗಮ್ಮ ಹೇಳಿದಳು: "ಪ್ರತಿ ಭಾನುವಾರ, ತೀರ್ಥ ಹಾಕಿದ ಹಾಗೆ."

ಅವನು ವಿವರಿಸಿದ. ಸಾವಿರದಲ್ಲಿ ಎಲ್ಲೋ ಕೆಲವು ಹುಟ್ಟುವಾಗಲೇ ಗಟ್ಟಿ. ಅರೆಬರೆ ಔಷಧಕ್ಕೆ ಮಿಕ್ಕವು ಸಾಯುತ್ತವೆ, ಅವು ಉಳಿಯುತ್ತವೆ. ಮೊಟ್ಟೆ ಇಡುವವೂ ಅವೇ. ತಿಂಗಳೊಪ್ಪತ್ತಿಗೆ ಹೊಸ ತಲೆಮಾರು. ವರ್ಷಗಟ್ಟಲೆ ಹೀಗೇ ನಡೆದರೆ ಗುಂಡಿಯಲ್ಲಿ ಗಟ್ಟಿಯವೇ. ಅವಳ ಗುಂಡಿಗೆ ಯಾರೂ ಏನೂ ಹಾಕಿಲ್ಲ, ಅಲ್ಲಿನವು ಇನ್ನೂ ಹಳೆಯ ಸೊಳ್ಳೆಗಳೇ.

"ಅಲ್ಲಿಂದ ಹಾರಿ ಬಂದಿದ್ರೆ ನಿಮ್ಮ ಗೋಡೆ ಮೇಲೆ ಕೂತ್ಕೊಂಡೇ ಸಾಯ್ತಿದ್ವು ದೊಡ್ಡಪ್ಪ. ನಿಮ್ಮನೇಲಿ ಹಾಡ್ತಿರೋವು ನಿಮ್ಮವೇ."

ಇಟಲಿಯ ನೊಣದ ವಿಷಯ ನನಗೆ ಗೊತ್ತಿತ್ತು. ಊರಿಗೆಲ್ಲ ಹೇಳಿದ್ದೆ.

ಹೋಗುವಾಗ ಅವನು, ಎಮ್ಮೆ ಇನ್ನೂ ಅಲ್ಲೇ ಇವೆಯಲ್ಲ, ಸಂಘದವರು ದೂರು ವಾಪಸ್ ತೆಗೆದುಕೊಂಡರೆ ನೋಟೀಸು ನಿಲ್ಲುತ್ತದೆ ಎಂದ. ನೀವು ಒಂದು ಮಾತು ಹೇಳಿದರೆ ಸಾಕು ಎಂದ.

೧೬-೨-೧೯೫೮, ಭಾನುವಾರ

ಹೇಳಬೇಕೆಂದೇ ಸಭೆಗೆ ಹೋದೆ. ಮನೆಯಲ್ಲೇ ವಾಕ್ಯಗಳನ್ನೂ ಜೋಡಿಸಿಕೊಂಡಿದ್ದೆ. ಕೂರುವ ಮೊದಲೇ ಜಯಸಿಂಹರು ನಗುತ್ತ, "ಏನ್ ಸಾರ್, ಸುಣ್ಣವೋ ಡಿಡಿಟಿಯೋ?" ಎಂದರು. ಎಲ್ಲರ ಮುಖವೂ ನನ್ನ ಕಡೆ. ಈ ಬೀದಿಯಲ್ಲಿ ಯಾರ ತಪ್ಪನ್ನೂ ನಾನು ಬಿಟ್ಟವನಲ್ಲ — ಚರಂಡಿಯ ಕಂಟ್ರಾಕ್ಟರ್, ಅಂಚೆಯವನು, ಇದೇ ಜಯಸಿಂಹರ ಕಾಂಪೌಂಡು. ಎಲ್ಲರೂ ಕಾಯುತ್ತಿದ್ದರು.

ಫಲಿತಾಂಶ ಇನ್ನೂ ಸ್ಪಷ್ಟವಿಲ್ಲ ಎಂದೆ.

ಕೊಟ್ಟಿಗೆಯ ವಿಷಯದಲ್ಲಿ ಮುತುವರ್ಜಿ ವಹಿಸಿದ್ದಕ್ಕೆ ನನಗೆ ವಂದನೆ ಸಲ್ಲಿಸಿದರು. ಕಾಫಿ ಕೊಟ್ಟರು. ಕುಡಿದೆ.

ಗುಂಡಿಗೆ ಇವತ್ತು ಏನೂ ಹಾಕಲಿಲ್ಲ.

೧೮-೨-೧೯೫೮

ಲಿಂಗಪೂಜೆಗೆ ಕೂತೆ. ಮನಸ್ಸು ನಿಲ್ಲಲಿಲ್ಲ, ಎದ್ದೆ. ನಾಳೆ ಜಯಸಿಂಹರೊಬ್ಬರಿಗೇ ಹೇಳುವುದು, ಸಭೆಯಲ್ಲಿ ಬೇಡ.

೧೯-೨-೧೯೫೮

ಅವರು ಮನೆಯಲ್ಲಿರಲಿಲ್ಲ. ಸಮಾಧಾನವಾಯಿತು. ಇದನ್ನು ಬರೆಯಲೂ ನಾಚಿಕೆ.

೨-೩-೧೯೫೮, ಭಾನುವಾರ

ಎಮ್ಮೆಗಳು ಹೋದವು. ತಲಘಟ್ಟಪುರದ ಅವಳ ಅಣ್ಣ ಬಂದು ಹೊಡೆದುಕೊಂಡು ಹೋದನಂತೆ. ಹಾಲಿಗೆ ಈಗ ಬೇರೆಯವನು, ಅರ್ಧ ನೀರು. ಸಿದ್ದಗಂಗಮ್ಮ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ.

ಇವತ್ತು ಬೆಳಿಗ್ಗೆ ಮುನಿಲಕ್ಷ್ಮಮ್ಮ ಬಂದಿದ್ದಳು. ನಮ್ಮ ಹಿತ್ತಾಳೆ ಚೊಂಬು ಅವಳಲ್ಲಿ ಉಳಿದಿತ್ತಂತೆ, ಹುಣಸೆಹಣ್ಣಲ್ಲಿ ಬೆಳಗಿ ತಂದಿದ್ದಳು. ನಾಳೆಯಿಂದ ಕಟ್ಟಡದಲ್ಲಿ ಕಲ್ಲು ಹೊರುವ ಕೆಲಸವಂತೆ. ಸಿದ್ದಗಂಗಮ್ಮ ಒಳಗೆ ಬಾ, ಕೂತು ಕಾಫಿ ಕುಡಿ ಎಂದರೂ ಬರಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು:

"ಸೊಳ್ಳೆ ಕಮ್ಮಿ ಆದ್ವಾ ಸ್ವಾಮಿ?"

ಕುಹಕವಿದೆಯೇ ಎಂದು ಮುಖ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು.

"ಆಗಿವೆ" ಎಂದೆ.

"ಸದ್ಯ. ಎಮ್ಮೆ ಕಳ್ಸಿದ್ದು ದಂಡ ಆಗ್ಲಿಲ್ಲ ಬಿಡಿ."

ಸಿದ್ದಗಂಗಮ್ಮ ಚೊಂಬು ಹಿಡಿದು ಒಳಗೆ ಹೋದಳು. ನನ್ನನ್ನು ನೋಡಲಿಲ್ಲ.

ಚೊಂಬು ತಂದುಕೊಟ್ಟ ಆಕೆ ಹೊಲದ ದಾರಿ ಹಿಡಿದಿದ್ದರು. ಗೇಟಿನವರೆಗೆ ಹೋದೆ. ಕೂಗಿದರೆ ಕೇಳುವಷ್ಟು ಹತ್ತಿರ. ಪಕ್ಕದ ಜಗಲಿಯಲ್ಲಿ ಜಯಸಿಂಹರು ಪೇಪರ್ ಓದುತ್ತಿದ್ದರು. ಮುನಿಲಕ್ಷ್ಮಮ್ಮ, ಎಂದು ಕರೆದೆ. ಜೋರಾಗಿಯೇ ಕರೆದೆ. ಆಕೆ ತಿರುಗಿ ನಿಂತರು. ಜಯಸಿಂಹರೂ ಪೇಪರ್ ಕೆಳಗಿಳಿಸಿದರು. ಸೊಳ್ಳೆ ಕಮ್ಮಿ ಆಗಿಲ್ಲ, ಅವು ನಮ್ಮ ಬಚ್ಚಲ ಗುಂಡಿಯವೇ, ಎಂದೆ.