ಕಿರುಬೆರಳಿನಿಂದ ಓದು

ಹೊಲಿಗೆ ಕೋಣೆ, ಅರಮನೆಯ ಹಿಂಬದಿ
ನಿನ್ನ ಆಳ್ವಿಕೆಯ ಮೂವತ್ತನೆಯ ವರ್ಷ, ಏಳನೆಯ ತಿಂಗಳು, ಹನ್ನೊಂದನೆಯ ದಿನ

ಒಂಬತ್ತು ಲೋಕಗಳ ಒಡತಿ, ಗಾಳಿ ನೀರುಗಳ ಪಾಲಕಿ, ಹನ್ನೆರಡು ಸಾಮಂತರ ಶಿರೋಮಣಿ, ನನ್ನ ಮುಷ್ಟಿಗೆ,

ಕೊನೆಯ ಬಿರುದು ನಿನ್ನ ಹೊಗಳುಭಟರ ಪಟ್ಟಿಯಲ್ಲಿಲ್ಲ. ಹುಟ್ಟಿದಾಗಿನಿಂದ ಎರಡೂ ಕೈ ಬಿಗಿಯಾಗಿ ಮುಚ್ಚಿಕೊಂಡೇ ಮಲಗುತ್ತಿದ್ದ ಕೂಸಿಗೆ ಅದರ ಅಪ್ಪ ಇಟ್ಟ ಹೆಸರು ಅದು. ಓದಿ ಬೆಚ್ಚಿಬೀಳಬೇಡ. ಬಿದ್ದರೂ ಮುಖದಲ್ಲಿ ತೋರಿಸಬೇಡ, ಬಾಗಿಲ ಬಳಿ ಯಾವಾಗಲೂ ಇಬ್ಬರು ಕಾವಲಿನವರು ನಿಂತಿರುತ್ತಾರೆ.

ಈ ಅರಮನೆಯಲ್ಲಿ ಗೋಡೆಗೆ ಕಿವಿಯುಂಟು, ಗಾಜಿಗೆ ಕಣ್ಣುಂಟು. ಕಾಗದವನ್ನು ಮಾತ್ರ ಯಾರೂ ಲೆಕ್ಕಕ್ಕಿಟ್ಟಿಲ್ಲ. ಅದಕ್ಕೇ ಅಳತೆ ಕತ್ತರಿಸುವ ತೆಳು ಕಾಗದದಲ್ಲಿ ಬರೆದು, ಸುರುಳಿ ಸುತ್ತಿ, ಈ ಹೊಸ ಜೊತೆ ಕೈಗವಸಿನ ಹತ್ತು ಬೆರಳಿನಲ್ಲಿ ಹತ್ತು ಸುರುಳಿ ಇಟ್ಟಿದ್ದೇನೆ. ಬಲಗೈ ಕಿರುಬೆರಳಿನಿಂದ ಓದು, ಎಡಗೈ ಹೆಬ್ಬೆರಳಿಗೆ ಮುಗಿಸು. ಅಡ್ಡಾದಿಡ್ಡಿ ಓದಿದರೆ ನಾನು ಸತ್ತ ಮೇಲೆ ಬದುಕಿದ ಹಾಗೆ ಕಾಣುತ್ತದೆ. ಒಂದು ಲೆಕ್ಕದಲ್ಲಿ ಅದೂ ನಿಜವೇ.

ನಾನು ಯಾರೆಂದು ನಿನಗೆ ಗೊತ್ತು: ಸೂಜಿಯಮ್ಮ, ಮೂವತ್ತೆರಡು ವರ್ಷದಿಂದ ನಿನ್ನ ಕೈಗವಸು ಹೊಲಿಯುವವಳು. ಗೊತ್ತಿಲ್ಲದ್ದು ಇಷ್ಟೇ: ನಿನ್ನನ್ನು ಹೆತ್ತವಳೂ ನಾನೇ.

ಬರೆದುಬಿಟ್ಟೆ. ಸೂಜಿ ಮುರಿಯಲಿಲ್ಲ, ಸೂರು ಬೀಳಲಿಲ್ಲ.

ನಾಲ್ಕು ತುಂಬಿದ ಮಕ್ಕಳೆಲ್ಲ ಗಾಜಿನ ಹಲಗೆಯ ಮೇಲೆ ಕೈಯಿಡಬೇಕು, ಒಂದು ತಲೆಮಾರಿಗೆ ಒಂದೇ ಒಂದು ಕೈಗೆ ಆ ಹಲಗೆ ಬೆಳಗುತ್ತದೆ, ಆ ಕೈಯೇ ಮುಂದೆ ಗಾಳಿ ಕೊಳವೆ ತೆರೆದು ಆಳುತ್ತದೆ ಎನ್ನುವುದನ್ನು ನಿನಗೆ ನಾನು ಹೇಳಬೇಕೇ? ನಮ್ಮ ಬೀದಿಯ ಸಾಲಿನಲ್ಲಿ ನೀನು ಮೂವತ್ತನಾಲ್ಕನೆಯವಳು. ಬೆಳಗಿತು. ಹಾಗೆ ಬೆಳಗಿದ ಮಗುವಿನ ಕಡತಕ್ಕೆ ಆಳುವವರು ಅಂಗೈ ಒತ್ತಿದ ಮಧ್ಯಾಹ್ನವೇ ಹೆತ್ತವರ ಹೆಸರನ್ನು ಸತ್ತವರ ಪಟ್ಟಿಗೆ ಸೇರಿಸುತ್ತಾರೆ. ಆಳುವವಳಿಗೆ ಹಿಂದಿಲ್ಲ ಮುಂದಿಲ್ಲ ಅಂತಾಗಬೇಕಂತೆ. ಹೆತ್ತವರು ಮತ್ತೆ ಹತ್ತಿರ ಸುಳಿದರೆ ಅರಮನೆಯವರು ಆ ಪಟ್ಟಿಯನ್ನು ನಿಜ ಮಾಡುತ್ತಾರೆ. ಆದರೆ ಸತ್ತವರಿಗೆ ಒಂದು ಅನುಕೂಲವಿದೆ ಮಗಳೇ, ಅವರನ್ನು ಯಾರೂ ಹುಡುಕುವುದಿಲ್ಲ.

ನಾನಾಗ ಕಾರ್ಖಾನೆಯಲ್ಲಿ, ಗುಮ್ಮಟದ ಹೊರಗೆ ಗಾಳಿಯಿಲ್ಲದ ಕಡೆ ಹೋಗಿ ರಿಪೇರಿ ಮಾಡುವವರಿಗೆ ದಪ್ಪ ಗವಸು ಹೊಲಿಯುತ್ತಿದ್ದೆ. ಒಂದು ಹೊಲಿಗೆ ತಪ್ಪಿದರೆ ಒಬ್ಬನ ಉಸಿರೇ ಹೋಗುವಂಥ ಕೆಲಸ. ಅರಮನೆಯ ಹಳೆಯ ಕೈಗವಸಿನ ಮೇಸ್ತ್ರಿ ತೀರಿಕೊಂಡಾಗ ಮಾದರಿ ಕಳಿಸಿದೆ, ಆರಿಸಿದರು. ನಿನಗಾಗ ಒಂಬತ್ತು. ನಿನ್ನ ಬರಿಗೈಯನ್ನು ಮುಟ್ಟುವ ಹಕ್ಕು ಇಡೀ ಸಾಮ್ರಾಜ್ಯದಲ್ಲಿ ಎರಡಕ್ಕೇ ಇತ್ತು: ಆ ಗಾಜಿನ ಹಲಗೆಗೆ, ಮತ್ತು ನನಗೆ.

ಅಳತೆಯ ಮಾತು ಬಿಟ್ಟು ಬೇರೆ ಆಡುವಂತಿಲ್ಲ. ಬಿಗಿಯೇ ಅಂತ ನಾನು ಕೇಳಬೇಕು, ಸ್ವಲ್ಪ ಅಂತ ನೀನು ಹೇಳಬೇಕು. ಇಲ್ಲೇ? ಅಲ್ಲೇ. ಮೂವತ್ತೆರಡು ವರ್ಷದಲ್ಲಿ ನಾವು ಆಡಿದ್ದು ಇಷ್ಟೇ. ಈಗಲೂ ಯಾರಾದರೂ ಬಿಗಿ ಅಂದರೆ ನನ್ನ ಕಣ್ಣು ತುಂಬುತ್ತದೆ. ಅರಮನೆಯ ಪಾರುಪತ್ಯಗಾರ ಅದನ್ನು ಕಣ್ಣಿನ ಪೊರೆ ಅಂದುಕೊಂಡಿದ್ದಾನೆ.

ನಿನ್ನ ಚರಿತ್ರೆಯನ್ನು ಪಂಡಿತರು ಏಳು ಸಂಪುಟ ಬರೆದಿದ್ದಾರಂತೆ. ನನ್ನ ಹತ್ತಿರ ಒಂದೇ ಒಂದು ಅಳತೆ ಪುಸ್ತಕವಿದೆ. ಅದರಲ್ಲಿ ನೀನು ಪಟ್ಟಕ್ಕೆ ಬಂದ ಹನ್ನೊಂದನೆಯ ವಯಸ್ಸಿಗೆ, ಉಗುರು ಕಚ್ಚಿದೆ, ಬೆರಳ ತುದಿಗೆ ಮೆತ್ತೆ ಹಾಕುವುದು, ಅಂತ ಬರೆದಿದೆ. ಹದಿನೇಳಕ್ಕೆ ಬಲಗೈ ಗೆಣ್ಣು ಊದಿದೆ. ಕೂಲಿಗಳ ಗುಮ್ಮಟಕ್ಕೆ ಗಾಳಿ ನಿಲ್ಲಿಸಿದ ಸಾಮಂತನಿಗೆ ನೀನು ಶಾಂತಗಂಭೀರಳಾಗಿ ಬುದ್ಧಿ ಹೇಳಿ ಗಾಳಿ ತೆರಿಗೆ ರದ್ದು ಮಾಡಿದೆ ಅಂತ ಸಂಪುಟದಲ್ಲಿದೆ. ಶಾಂತಗಂಭೀರವಾಗಿ ಮೇಜು ಗುದ್ದಿದವಳ ಗೆಣ್ಣಿಗೆ ನಾನು ಎರಡು ನೂಲು ಸಡಿಲ ಕೊಟ್ಟೆ. ಸಂಜೆ ಮನೆಗೆ ಹೋಗಿ ನಿನ್ನಪ್ಪನಿಗೆ ಹೇಳಿದೆ. ಗುಮ್ಮಟದ ಗಾಜು ತೊಳೆಯುವ ಮನುಷ್ಯ, ಅವರಿಗೆ ಗಾಳಿಯ ಬೆಲೆ ಗೊತ್ತಿತ್ತು. ನಮ್ಮ ಮುಷ್ಟಿ ಗುದ್ದಿತಾ, ಅಂತ ಹತ್ತು ಸಲ ಕೇಳಿದರು. ಅದಾದ ವರ್ಷವೇ ಹೋದರು. ಅಲ್ಲಿಯವರೆಗೆ ಪ್ರತಿ ಸಲ ಅವರದು ಒಂದೇ ಪ್ರಶ್ನೆ: ಉಗುರು ಕಚ್ಚೋದು ಬಿಟ್ಟಳಾ? ಬಿಟ್ಟಳು ಅಂತ ಪ್ರತಿ ಸಲ ಸುಳ್ಳು ಹೇಳಿದ್ದೇನೆ.

ಮೂವತ್ತಕ್ಕೆ ನಾಲ್ಕನೆಯ ಬೆರಳಲ್ಲಿ ಉಂಗುರದ ಗುರುತು ಬಂತು. ಮೂವತ್ತೆರಡಕ್ಕೆ ಹೋಯಿತು. ನಾನು ಬರೆದಿದ್ದು: ನಾಲ್ಕನೆಯ ಬೆರಳು, ಕಾಲು ನೂಲು ತೆಗೆಯುವುದು.

ಇಪ್ಪತ್ತನಾಲ್ಕರದು ಬಿಟ್ಟುಹೋಯಿತು. ಬೇಕೆಂದೇ ಬಿಟ್ಟಿದ್ದೆ. ನೀನು ಅಂಗೈ ಒತ್ತಿ ಹನ್ನೊಂದು ಹಡಗು ಯುದ್ಧಕ್ಕೆ ಕಳಿಸಿದೆ, ನಾಲ್ಕು ಹಿಂದಿರುಗಿದವು. ಆ ಚಳಿಗಾಲ ನಿನ್ನ ಬಲ ಅಂಗೈ ಉಜ್ಜಿ ಉಜ್ಜಿ ತೊಳೆದು ಕೆಂಪಾಗಿತ್ತು, ಸಿಪ್ಪೆ ಎದ್ದಿತ್ತು. ಐದು ನಿಮಿಷದ ಅಳತೆಗೆ ಅರ್ಧ ಗಂಟೆ ತೆಗೆದುಕೊಂಡೆ. ಏನಮ್ಮ ಇಷ್ಟು ಹೊತ್ತು, ಅಂತ ಕಾವಲಿನವನು ಗದರಿದ. ಕೈ ಊದಿದೆಯಪ್ಪ, ಟೇಪು ಕೂರ್ತಿಲ್ಲ, ಅಂದೆ. ಟೇಪು ಚೆನ್ನಾಗಿಯೇ ಕೂತಿತ್ತು. ನಾನು ನಿನ್ನ ಕೈ ಹಿಡಿದುಕೊಂಡಿದ್ದೆ, ಅಷ್ಟೇ.

ಈಗ ವಿಷಯ. ಎಡಗೈಯ ನಡುಬೆರಳಿಗೆ ಬಂದಿದ್ದೇನೆ, ಜಾಗ ಕಡಿಮೆ.

ಕಳೆದ ತಿಂಗಳು ಹಲಗೆ ಮತ್ತೆ ಬೆಳಗಿತಲ್ಲ, ನಿನ್ನ ನಂತರದ ಕೈ. ಆ ಮಗು ಯಾರದೆಂದು ನಿನಗೆ ಕಳಿಸಿದ ಕಡತದಲ್ಲಿ ಇರುವುದಿಲ್ಲ. ನನ್ನ ಲೈನಿಂಗ್ ಬಟ್ಟೆ ಒಗೆದು ತರುತ್ತಾಳಲ್ಲ, ಆ ಹೆಂಗಸಿನದು. ಮಗುವೋ ಬಾಯಿ ಒಂದು ಗಳಿಗೆ ಸುಮ್ಮನಿರದ ಹುಡುಗಿ, ಎಲ್ಲರೂ ಪಿಟೀಲು ಅಂತಲೇ ಕರೆಯುತ್ತಾರೆ. ಮೊನ್ನೆ ಇಬ್ಬರೂ ಬಂದಿದ್ದರು. ಸೂಜಿಯಮ್ಮಾ, ಇವಳಿಗೊಂದು ಜೊತೆ ಗವಸು ಹೊಲಿದುಕೊಡಿ, ಒಂದು ಅಳತೆ ದೊಡ್ಡದೇ ಇರಲಿ, ಅಂದಳು ತಾಯಿ. ಯಾಕೆ ಅಂದೆ. ಬೆಳೀತಾಳಲ್ಲ, ಅಲ್ಲಿ ಯಾರು ಗಮನಿಸ್ತಾರೋ ಏನೋ, ಅಂದಳು. ಪಿಟೀಲು ಅಷ್ಟರಲ್ಲಿ ನನ್ನ ಗುಂಡಿ ಡಬ್ಬಿ ಸುರಿದುಕೊಂಡು ಗುಂಡಿಗಳಿಗೆಲ್ಲ ಊಟ ಬಡಿಸುತ್ತಿತ್ತು. ಅಜ್ಜೀ, ಈ ಕಪ್ಪು ಗುಂಡಿ ಉಣ್ಣಲ್ವಂತೆ, ಬೈಯಿ ಅದಕ್ಕೆ, ಅಂತ ನನಗೆ ಚಾಡಿ ಹೇಳಿತು.

ಇನ್ನು ಐದು ದಿನಕ್ಕೆ ನೀನು ಆ ಕಡತದ ಮೇಲೆ ಅಂಗೈ ಒತ್ತಬೇಕು. ಒತ್ತಿದ ಮಧ್ಯಾಹ್ನ ಆ ಹೆಂಗಸು ಸಾಯುತ್ತಾಳೆ, ಪಟ್ಟಿಯಲ್ಲಿ.

ಒತ್ತಬೇಡ ಅನ್ನಲು ನಾನು ಹುಚ್ಚಿಯಲ್ಲ. ನಿನ್ನ ನಂತರ ಇನ್ನೊಂದು ಕೈ ಇಲ್ಲದಿದ್ದರೆ ಗಾಳಿ ಕೊಳವೆ ತೆರೆಯುವುದಿಲ್ಲ, ಒಂಬತ್ತು ಲೋಕವೂ ಉಸಿರು ಕಟ್ಟುತ್ತದೆ. ಏನು ಮಾಡಬೇಕೋ ನನಗೆ ತಿಳಿಯದು. ನಾನು ಕೈ ಅಳೆಯುವವಳು, ರಾಜ್ಯ ಅಳೆಯುವವಳಲ್ಲ. ಆದರೆ ಆ ಹೆಂಗಸಿಗೆ ನನ್ನ ಹಾಗೆ ಹೊಲಿಗೆ ಬರುವುದಿಲ್ಲ, ಹಿಂಬಾಗಿಲಿನಿಂದ ಬರುವ ದಾರಿ ಅವಳಿಗಿಲ್ಲ. ಅವಳನ್ನು ಆ ಪಟ್ಟಿಗೆ ಬರೆಸಬೇಡ ಮಗಳೇ. ಇದನ್ನು ಕೇಳಲು ನಾನು ಯಾರೆಂದು ಹೇಳಲೇಬೇಕಾಯಿತು. ಈ ಕಾಗದವನ್ನು ನೀನು ಪಾರುಪತ್ಯಗಾರನ ಕೈಗೆ ಕೊಟ್ಟರೂ ನನಗೆ ಕೋಪವಿಲ್ಲ.

ಹೇಗೂ ಇದೇ ನನ್ನ ಕೊನೆಯ ಜೊತೆ. ಇಪ್ಪತ್ತಕ್ಕೆ ನಿಂತ ನಿನ್ನ ಕೈಯ ಅಳತೆ ಇವತ್ತಿಗೂ ಕೂದಲೆಳೆ ಬದಲಾಗಿಲ್ಲ. ಆದರೂ ಎರಡು ತಿಂಗಳಿಗೊಮ್ಮೆ ಬಿಗಿ, ಬಿಗಿ ಅಂತ ಗವಸು ವಾಪಸು ಬರುತ್ತವೆ. ಸೂಜಿಯಮ್ಮಾ, ಕೈ ನಡುಗ್ತಿದೆ, ಕಣ್ಣು ಮಸುಕು, ಮನೆಗೆ ಹೋಗಿ ಮಲಗಿ, ಅಂತ ಪಾರುಪತ್ಯಗಾರ ತಿಂಗಳ ಕೊನೆಗೆ ನನ್ನನ್ನು ಕೆಲಸ ಬಿಡಿಸುತ್ತಿದ್ದಾನೆ. ಇಷ್ಟು ವರ್ಷ ಗಾಳಿ ಸೋರದ ಹೊಲಿಗೆ ಹಾಕಿದವಳಿಗೆ ಕೊನೆಗೆ ಸಿಕ್ಕ ಮಾತು ಇದು. ಇರಲಿ.

ಉಗುರು ಕಚ್ಚಬೇಡ.

ನಿನ್ನ ಅಮ್ಮ,
ಸೂಜಿಯಮ್ಮ

ಮರೆತದ್ದು: ಮರೆತಿರಲಿಲ್ಲ, ಎಡಗೈ ಹೆಬ್ಬೆರಳಿನ ತನಕ ಮುಂದೂಡಿದೆ. ಆ ದಿನ ಹಲಗೆಯ ಮುಂದೆ ನೀನು ಮುಷ್ಟಿ ಬಿಚ್ಚಲೇ ಇಲ್ಲ. ಸಿಪಾಯಿ ಸಾಕಾಗಿ, ಮುಂದಿನ ಮಗು ಬರಲಿ ಅನ್ನುವುದರಲ್ಲಿದ್ದ. ಮಗಳು ಹಟಮಾರಿ ಅನ್ನಿಸಿಕೊಳ್ಳಬಾರದು ಅಂತ ನಾನೇ ಕೂತು, ಕಿರುಬೆರಳಿನಿಂದ ಶುರುಮಾಡಿ, ಮನೆಯಲ್ಲಿ ಹೇಳುತ್ತಿದ್ದ ಪ್ರಾಸ ಹೇಳುತ್ತ ಒಂದೊಂದೇ ಬೆರಳು ಬಿಚ್ಚಿದೆ. ನಿನ್ನನ್ನು ಅವರು ಕಿತ್ತುಕೊಳ್ಳಲಿಲ್ಲ, ನಾನೇ ಬಿಡಿಸಿಕೊಟ್ಟೆ. ಆ ಪ್ರಾಸವನ್ನು ಆಮೇಲೆ ಬಾಯಿಗೆ ತಂದಿಲ್ಲ.

*

ಒಡತಿಯ ಓದುವ ಕೋಣೆ
ಏಳನೆಯ ತಿಂಗಳು, ಹದಿನಾರನೆಯ ದಿನ

ಸೂಜಿಯಮ್ಮನವರಿಗೆ,

ತಾವು ಕಳಿಸಿದ ಜೊತೆ ತಲುಪಿತು. ಎಂದಿನಂತೆ ಬಿಗಿ. ವಾಪಸು ಕಳಿಸಿದ್ದೇನೆ. ಬಲಗೈ ಕಿರುಬೆರಳಿನಿಂದ ಬಿಚ್ಚಿ.

ಅಮ್ಮಾ,

ನಿನ್ನ ಕಸುಬಿನವರು ಹೆಬ್ಬೆರಳಿನಿಂದ ಅಳೆಯುತ್ತಾರೆ. ಹಳೆಯ ಮೇಸ್ತ್ರಿ ಐದು ವರ್ಷ ಹಾಗೆಯೇ ಅಳೆದಿದ್ದ. ನನಗೆ ಒಂಬತ್ತಾದಾಗ ಹೊಸಬಳೊಬ್ಬಳು ಬಂದು, ತಲೆ ತಗ್ಗಿಸಿ, ಮೊದಲು ನನ್ನ ಕಿರುಬೆರಳು ಹಿಡಿದಳು. ನನಗಿಂತ ಮುಂಚೆ ನನ್ನ ಕೈಗೆ ಗುರುತು ಸಿಕ್ಕಿತು. ಅಂದಿನಿಂದ ಗೊತ್ತು. ಹೇಳಿದರೆ ನಿನ್ನ ವಿಷಯದಲ್ಲಿ ಪಟ್ಟಿಯನ್ನು ನಿಜ ಮಾಡುತ್ತಾರೆ ಅನ್ನುವುದೂ ಗೊತ್ತಿತ್ತು. ಅದಕ್ಕೇ ನಾನು ಆಡಬಹುದಾಗಿದ್ದ ಒಂದೇ ಮಾತನ್ನು ಆಡುತ್ತ ಬಂದೆ. ಬಿಗಿ. ನಿನ್ನ ಹೊಲಿಗೆಗೆ ಕೆಟ್ಟ ಹೆಸರು ತಂದದ್ದಕ್ಕೆ ಕ್ಷಮಿಸು. ಇಪ್ಪತ್ತು ವರ್ಷದಲ್ಲಿ ವಾಪಸು ಕಳಿಸಿದ ಒಂದು ಜೊತೆಯೂ ಬಿಗಿಯಿರಲಿಲ್ಲ.

ಇನ್ನೊಂದನ್ನು ಒಪ್ಪಿಕೊಳ್ಳಬೇಕು. ನಿನ್ನ ಕಾಗದ ಬರುವವರೆಗೆ ನಾನು ಆ ಕಡತಕ್ಕೆ ಕೈ ಒತ್ತಲು ಸಿದ್ಧಳಾಗಿದ್ದೆ. ನನಗೆ ಹೇಗೋ ನೀನು ಸಿಕ್ಕೆಯಲ್ಲ, ಆ ಮಗುವಿಗೂ ಹೇಗೋ ಆಗುತ್ತದೆ ಅಂದುಕೊಂಡಿದ್ದೆ. ಮೂವತ್ತು ವರ್ಷ ಆಳಿದರೆ ಹೇಗೋ ಅನ್ನುವ ಮಾತು ಬಹಳ ಸಲೀಸಾಗಿ ಬರುತ್ತದೆ. ಒಂದು ಅಳತೆ ದೊಡ್ಡದು ಅನ್ನುವ ಕಡೆ ನನಗೆ ಓದಲಾಗಲಿಲ್ಲ. ಕಣ್ಣಿಗೆ ದೂಳು ಬಿತ್ತು ಅಂತ ಕಾವಲಿನವರಿಗೆ ಅಂದೆ.

ಈ ಕಾನೂನು ಕಿತ್ತುಹಾಕಲು ಸಾಮಂತರು ಒಪ್ಪುವುದಿಲ್ಲ. ಅವರು ಗಾಳಿ, ನೀರು, ಹಡಗಿನ ಕಡತಗಳನ್ನು ಅಕ್ಷರ ಅಕ್ಷರ ಓದುತ್ತಾರೆ. ಅರಮನೆಯ ಆಳುಕಾಳುಗಳ ಪಟ್ಟಿಯನ್ನು ಮಾತ್ರ ಊಟಕ್ಕೆ ಏಳುವ ಮುಂಚೆ ಒಂದೇ ಉಸಿರಿಗೆ ಪಾಸು ಮಾಡುತ್ತಾರೆ. ಇವತ್ತೂ ಮಾಡಿದರು. ದೀಪ ಒರೆಸುವವರು, ಹೂಜಿ ತುಂಬುವವರು, ಇವೆರಡರ ನಡುವೆ ನಾನೊಂದು ಸಾಲು ಸೇರಿಸಿದ್ದೆ. ಉತ್ತರಾಧಿಕಾರಿಯ ಕೈಗವಸಿನ ಹುದ್ದೆ ಆ ಮಗುವಿನ ಕೈಯನ್ನು ಹುಟ್ಟಿನಿಂದ ಬಲ್ಲವರಿಗೇ ಸಲ್ಲತಕ್ಕದ್ದು, ವಾಸ ಪಕ್ಕದ ಕೋಣೆ, ಅಳತೆ ಪ್ರತಿದಿನ. ಸತ್ತವರು ಹುದ್ದೆಯಲ್ಲಿರುವಂತಿಲ್ಲವಾದ್ದರಿಂದ, ಕೈಗವಸಿನ ಹುದ್ದೆಯಲ್ಲಿರುವ ಯಾರ ಹೆಸರೂ ಸತ್ತವರ ಪಟ್ಟಿಯಲ್ಲಿ ಇರತಕ್ಕದ್ದಲ್ಲ.

ಯಾರ ಹೆಸರೂ. ಇನ್ನೊಮ್ಮೆ ಓದಿಕೋ.

ಒಬ್ಬ ಸಾಮಂತ ಮಾತ್ರ ತಲೆಯೆತ್ತಿ, ದಿನಾ ಯಾಕೆ ಅಳೀಬೇಕು ಅಂದ. ಮಕ್ಕಳು ದಿನಾ ಬೆಳೀತಾರಲ್ಲ ಅಂದೆ. ಅವನಿಗೆ ಮೂವರಿದ್ದಾರೆ. ಹೌದೌದು ಅಂತ ನಕ್ಕು ಸಹಿ ಹಾಕಿದ. ಅವರಿಗೆಲ್ಲ ವಿಷಯ ಹೊಳೆಯುವ ಹೊತ್ತಿಗೆ ಪಿಟೀಲು ಪಟ್ಟಕ್ಕೆ ಬಂದಿರುತ್ತಾಳೆ. ಅವಳ ಬಾಯಿಗೆ ಎದುರು ನಿಲ್ಲಲು ಅವರಿಂದ ಆಗುವುದಿಲ್ಲ ಅಂತ ಕೇಳಿದ್ದೇನೆ.

ಆಮೇಲೆ ಕಡತಕ್ಕೆ ಕೈ ಒತ್ತಿದೆ. ಅವಳ ತಾಯಿಗೆ ಸೂಜಿ ಹಿಡಿಯಲು ಬರುವುದಿಲ್ಲವಾದ್ದರಿಂದ ಕಲಿಸಲು ಒಬ್ಬರು ಬೇಕು. ನಿನ್ನನ್ನು ಬಿಡಿಸುವ ಆಜ್ಞೆ ರದ್ದಾಗಿದೆ. ಪಾರುಪತ್ಯಗಾರನಿಗೆ ತಿಳಿಸಿದ್ದೇನೆ, ಕಣ್ಣಿನ ವೈದ್ಯರಿಗೆ ಅವನೇ ತೋರಿಸಿಕೊಳ್ಳಲಿ ಎಂದಿದ್ದೇನೆ.

ಆ ದಿನ ಬಿಚ್ಚಿದ್ದು ನೀನಲ್ಲ ಅಮ್ಮ. ನಾಲ್ಕು ವರ್ಷದ ಮುಷ್ಟಿಯನ್ನು ಹನ್ನೆರಡು ಸಾಮಂತರು ಸೇರಿದರೂ ಬಿಚ್ಚಲಾಗುವುದಿಲ್ಲ. ನಾನು ಪ್ರಾಸಕ್ಕೆ ಬಿಚ್ಚಿದೆ, ಮುಂದಿನ ಸಾಲು ಕೇಳುವ ಆಸೆಗೆ.

ಅಪ್ಪನಿಗೆ ನೀನು ಹೇಳಿದ್ದು ಸುಳ್ಳಾಗಿ ಉಳಿಯಬಾರದು. ಇವತ್ತಿನಿಂದ ಬಿಟ್ಟಿದ್ದೇನೆ.

ನಿನ್ನ,
ಮುಷ್ಟಿ

ಕೊನೆಗೆ: ಪುಟ್ಟಿ ಎದ್ದಳು, ಚಿನ್ನಿ ಮಿಂದಳು, ಇಷ್ಟು ನೆನಪಿದೆ. ಬೊಟ್ಟಿನವಳು ಬಟ್ಟೆ ತೊಟ್ಟಳು, ಗಿಡ್ಡಿ ಬಂದು ಕದವ ತೆರೆದಳು, ಇದೂ ನೆನಪಿದೆ. ನಡುವಿನ ಉದ್ದದವಳು ಏನು ಮಾಡಿದಳು? ಆ ದಿನ ಅವಳ ಹತ್ತಿರ ಬಂದಾಗ ನಮ್ಮ ಹಿಂದೆ ನಿಂತವರು ಬೇಗ ಬೇಗ ಅಂದರು, ನೀನು ಆ ಸಾಲು ನುಂಗಿಬಿಟ್ಟೆ. ಅಳೆಯುವಾಗ ಪ್ರಾಸ ಹೇಳಬಾರದೆಂದು ಯಾವ ಕಾನೂನಿನಲ್ಲೂ ಇಲ್ಲ, ಹುಡುಕಿಸಿದೆ. ನಾಳೆ ಅಳತೆಗೆ ಬಾ. ನಡುಬೆರಳಿನಲ್ಲಿ ನಿಧಾನಿಸು.